ನಿಮ್ಮ ಸಿರಿ ಏನಾದಳು?

ಒಂದೇ ಕಾದಂಬರಿಯನ್ನು ಓದಿದ ಇಬ್ಬರು ಒಂದೆಡೆ ಕಲೆತರೆ ಅವರು ಜಗಳವಾಡುವುದು ಅರ್ಥದ ವಿಷಯದಲ್ಲಿ. ನಾಯಕಿ ಮಾಡಿದ್ದು ಸರಿಯೆ, ತಪ್ಪೆ ಎಂದು ಅವರು ಅರ್ಧರಾತ್ರಿಯವರೆಗೆ ವಾದಿಸಿಯಾರು. ಆದರೆ ಅವಳು ಮಾಡಿದ್ದೇನು ಎಂಬುದರಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯಿಲ್ಲ. ಪುಸ್ತಕ ತೆರೆದರೆ ಸಾಕು, ಇನ್ನೂರ ಹನ್ನೆರಡನೆಯ ಪುಟದಲ್ಲಿ ಅವಳು ಬಾವಿಗೆ ಹಾರಿಯೇ ಇರುತ್ತಾಳೆ. ಯಾವ ವಿಮರ್ಶಕನ ಹಗ್ಗವೂ ಅವಳನ್ನು ಮೇಲಕ್ಕೆ ಎತ್ತಲಾರದು.

ಈಚೆಗೆ ಕೆಲವು ಕಾಲದಿಂದ ನಾನು ಕೇಳುತ್ತಿರುವ, ಕೇಳುವುದೇನು, ನಾನೂ ಪಾಲುಗೊಳ್ಳುತ್ತಿರುವ ಜಗಳ ಬೇರೆ ಬಗೆಯದು. "ನಿಮ್ಮ ಸಿರಿ ಏನಾದಳು?" ಎಂದು ಒಬ್ಬರು ಕೇಳುತ್ತಾರೆ. "ನಮ್ಮವಳು ಸಾಮ್ರಾಜ್ಞಿಯಾದಳು" ಎಂದು ಇನ್ನೊಬ್ಬರು. "ನಮ್ಮವಳಿಗೆ ಆ ಯೋಗವಿಲ್ಲ. ಕತ್ತಿ ಕಟ್ಟಿಕೊಂಡು ಊರೂರು ತಿರುಗುತ್ತಿದ್ದಾಳೆ. ಸುಖವಾಗಿದ್ದಾಳೆ ಅನ್ನಿ." ಮೂರನೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮವಳು ಹೋದಳು" ಎನ್ನುತ್ತಾರೆ. ಪಕ್ಕದಲ್ಲಿ ಕುಳಿತ ಅಪರಿಚಿತರಿಗೆ ಇದು ಮೂರು ಮನೆಗಳ ಹೆಣ್ಣುಮಕ್ಕಳ ಯೋಗಕ್ಷೇಮದ ಮಾತಿನಂತೆ ಕೇಳಿಸಬೇಕು. ಮೂವರೂ ಹೇಳುತ್ತಿರುವುದು ಒಬ್ಬಳೇ ಹುಡುಗಿಯ ವಿಷಯ. ಮೂವರೂ ಸತ್ಯವನ್ನೇ ಹೇಳುತ್ತಿದ್ದಾರೆ.

ಈ ಸಿರಿ ನಮ್ಮ ಸಿರಿಸಂಪತ್ತಿನ ಸಿರಿಯಲ್ಲ, ತುಳುನಾಡಿನ ಪಾಡ್ದನದ ಸಿರಿಯೂ ಅಲ್ಲ. ಸಿರಿಲ್ಲಾ ಎಂಬ ಹೆಸರಿನ ಮೊಟಕು. ಪೋಲೆಂಡಿನ ಆಂಜೆಯ್ ಸಪ್ಕೋವ್ಸ್ಕಿ ಎಂಬ ಲೇಖಕರು ಒಂದು ಪತ್ರಿಕೆಯ ಕಥಾಸ್ಪರ್ಧೆಗೆಂದು ಸಣ್ಣಕತೆಯೊಂದನ್ನು ಕಳಿಸಿದ್ದರು. 1986ರಲ್ಲಿ ಅದು ಪ್ರಕಟವಾಯಿತು. ಮೂರನೆಯ ಬಹುಮಾನ ಬಂದಿತ್ತು. (ದೀಪಾವಳಿ ಸಂಚಿಕೆಗಳಲ್ಲಿ ಮೂರನೆಯ ಬಹುಮಾನ ಪಡೆದು ಮುಖ ಸಣ್ಣದು ಮಾಡಿಕೊಂಡಿರುವ ಮಿತ್ರರು ಇದನ್ನು ಗಮನಿಸಬೇಕು.) ಕೂಲಿ ಪಡೆದು ಭೂತಪ್ರೇತಗಳನ್ನು ಕೊಲ್ಲುವ, ಉಕ್ಕಿನದೊಂದು ಬೆಳ್ಳಿಯದೊಂದು ಹೀಗೆ ಎರಡು ಕತ್ತಿ ಇಟ್ಟುಕೊಂಡ, ಬಿಳಿಗೂದಲಿನ ಗೆರಾಲ್ಟ್ ಎಂಬುವನು ಅದರ ನಾಯಕ. ಕತೆಗಳು ಬೆಳೆದು ಕಾದಂಬರಿಗಳಾದವು. ಕಾದಂಬರಿಗಳಿಂದ ವಾರ್ಸಾ ನಗರದ ಸಿ.ಡಿ. ಪ್ರಾಜೆಕ್ಟ್ ರೆಡ್ ಎಂಬ ಸಂಸ್ಥೆಯವರು ಕಂಪ್ಯೂಟರಿನಲ್ಲಿ ಆಡುವ ಆಟಗಳನ್ನು ಮಾಡಿದರು. ಅವುಗಳಲ್ಲಿ ಮೂರನೆಯದು, 'ದಿ ವಿಚರ್ 3: ವೈಲ್ಡ್ ಹಂಟ್' ಎಂಬುದು, 2015ರ ಮೇ ತಿಂಗಳಲ್ಲಿ ಹೊರಬಂತು. 2023ರ ಹೊತ್ತಿಗೆ ಅದರ 5 ಕೋಟಿ ಪ್ರತಿಗಳು ಮಾರಾಟವಾಗಿದ್ದವಂತೆ. ಸಾವಿರ ಪ್ರತಿ ಅಚ್ಚು ಹಾಕಿಸಿ ಐನೂರನ್ನು ಅಟ್ಟದ ಮೇಲೆ ಇಟ್ಟುಕೊಂಡ ಕನ್ನಡ ಲೇಖಕರು ಈ ಸಂಖ್ಯೆಯನ್ನು ಓದದೆ ಮುಂದಕ್ಕೆ ಹೋದರೆ ಆರೋಗ್ಯಕ್ಕೆ ಒಳ್ಳೆಯದು.

ಕಂಪ್ಯೂಟರ್ ಆಟವೆಂದರೆ ಹುಡುಗರು ಢಂ ಢಂ ಎಂದು ಗುಂಡು ಹಾರಿಸುವುದು ಎಂದೇ ನಾನೂ ಬಹುಕಾಲ ತಿಳಿದಿದ್ದೆ. ಇದರಲ್ಲಿಯೂ ಕಾದಾಟಕ್ಕೇನೂ ಕಡಮೆಯಿಲ್ಲ. ಆದರೆ ನನ್ನಂಥವರಿಗಾಗಿಯೇ ಅದರಲ್ಲಿ 'ಕತೆ ಮಾತ್ರ ಸಾಕು' ಎಂಬ ಅರ್ಥದ ಒಂದು ಸುಲಭದ ಏರ್ಪಾಡಿದೆ. ಅದನ್ನು ಆರಿಸಿಕೊಂಡರೆ ರಾಕ್ಷಸರು ಸೌಜನ್ಯದಿಂದ ಬೇಗನೆ ಸಾಯುತ್ತಾರೆ. ಉಳಿದದ್ದೆಲ್ಲ ಮಾತು. ಆಟದಲ್ಲಿ ನಾವೇ ಗೆರಾಲ್ಟ್. ದಾರಿಯಲ್ಲಿ ಯಾರೋ ಎದುರಾಗುತ್ತಾರೆ, ಏನೋ ಹೇಳುತ್ತಾರೆ. ನಾವು ಆಡಬಹುದಾದ ಎರಡೋ ಮೂರೋ ಮಾತುಗಳು ತೆರೆಯ ಮೇಲೆ ಮೂಡುತ್ತವೆ. ಒಂದನ್ನು ಆರಿಸಬೇಕು. ಕೆಲವು ಕಡೆ ಯೋಚಿಸಲು ನಾಲ್ಕೈದು ಕ್ಷಣ ಮಾತ್ರ; ಒಂದು ಗೆರೆ ಸವೆಯುತ್ತ ಬರುತ್ತದೆ, ಅದು ಮುಗಿದರೆ ಮೌನವೇ ಉತ್ತರವಾಗುತ್ತದೆ. ಯಾವ ಮಾತಿಗೆ ತೂಕವಿದೆ, ಯಾವುದು ಬರಿಯ ಹರಟೆ ಎಂಬುದನ್ನು ಆಟ ಹೇಳುವುದಿಲ್ಲ. ಇಂದು ಆಡಿದ ಮಾತಿನ ಫಲ ಮೂರು ವಾರಗಳ ಮೇಲೆ, ನಾವು ಅದನ್ನು ಪೂರಾ ಮರೆತ ಹೊತ್ತಿಗೆ, ಇನ್ನೊಂದು ಊರಿನಲ್ಲಿ ಎದುರು ಬಂದು ನಿಲ್ಲುತ್ತದೆ.

ನನ್ನ ಅಕ್ಕನ ಮಗ ಪುಣೆಯಲ್ಲಿ ಕೆಲಸ ಸಿಕ್ಕಿ ಹೊರಟಾಗ ತನ್ನ ದೊಡ್ಡ ಕಂಪ್ಯೂಟರನ್ನು ನಮ್ಮ ಮನೆಯಲ್ಲಿ ಇಟ್ಟುಹೋದ. ಮೊದಲು ಅದಕ್ಕೆ ಕೈಹಾಕಿದವಳು ನನ್ನ ಮಗಳು, ಆಮೇಲೆ ನಾನು. ಒಂದೇ ಯಂತ್ರದಲ್ಲಿ ಅವಳ ಕತೆ ಬೇರೆ, ನನ್ನ ಕತೆ ಬೇರೆ. ಒಬ್ಬರದನ್ನು ಒಬ್ಬರು ನೋಡಬಾರದೆಂದು ಕರಾರು. ನಮ್ಮ ಕಾಲೇಜಿನ ಗಣಿತದ ಮೇಷ್ಟ್ರು ಮಗನ ಸಹವಾಸದಿಂದ ಇದೇ ಆಟದಲ್ಲಿ ನನಗಿಂತ ಒಂದು ತಿಂಗಳು ಮುಂದೆ ಇದ್ದಾರೆಂದು ಗೊತ್ತಾದದ್ದು ಪರೀಕ್ಷಾ ಮೇಲ್ವಿಚಾರಣೆಯ ದಿನ. ನನ್ನ ಹೆಂಡತಿ ಇದರ ವಿಷಯದಲ್ಲಿ ಅಭಿಪ್ರಾಯವನ್ನೇನೂ ಹೇಳಲಿಲ್ಲ. ಇಬ್ಬರಿಗೂ ಅಂದಿನಿಂದ ಕಾಫಿಯನ್ನು ಅಡಿಗೆಮನೆಯಲ್ಲಿಯೇ ಇಟ್ಟು, ಬೇಕಾದವರು ಬಂದು ಕುಡಿಯಲಿ ಎಂಬಂತೆ ಲೋಟ ಸದ್ದು ಮಾಡಿದಳು, ಅಷ್ಟೆ.

ಗಣಿತದ ಮೇಷ್ಟ್ರಿಗೂ ನನಗೂ ಮೊದಲ ವ್ಯಾಜ್ಯ ಬಂದದ್ದು ಬ್ಯಾರನ್ನನ ಕತೆಯಲ್ಲಿ. ಈ ಆಟವನ್ನು ಆಡಿದ ಯಾರನ್ನು ಕೇಳಿದರೂ ಆ ಕತೆಯ ಹೆಸರು ಹೇಳುತ್ತಾರೆ; ಅದಕ್ಕೆ ಕಾರಣವಿದೆ.

ಯುದ್ಧದಿಂದ ಹಾಳಾದ ವೆಲೆನ್ ಎಂಬ ಜೌಗು ಸೀಮೆ. ಅಲ್ಲಿ ಒಬ್ಬ ದಡೂತಿ ಪಾಳೆಯಗಾರ. ಬ್ಯಾರನ್ ಎಂದು ತನ್ನನ್ನು ತಾನೇ ಕರೆದುಕೊಂಡವನು. ಅವನ ಹೆಂಡತಿಯೂ ಮಗಳೂ ಕಾಣೆಯಾಗಿದ್ದಾರೆ. ಅವರನ್ನು ಹುಡುಕಿಕೊಟ್ಟರೆ, ಗೆರಾಲ್ಟ್ ಅರಸುತ್ತಿರುವ ಸಿರಿಯ ಸುದ್ದಿ ಹೇಳುತ್ತೇನೆ ಎನ್ನುತ್ತಾನೆ. ಮೊದಲು ಅವನ ಮೇಲೆ ಕನಿಕರವಾಗುತ್ತದೆ. ಹುಡುಕುತ್ತ ಹೋದಂತೆ ನಿಜ ಒಂದೊಂದೇ ಹೊರಬೀಳುತ್ತದೆ: ಅವನು ಕುಡುಕ, ಹೆಂಡತಿಯನ್ನು ಹೊಡೆಯುತ್ತಿದ್ದವನು, ಅವಳ ಗರ್ಭ ಇಳಿದುಹೋಗಿದೆ, ಹೆಸರಿಲ್ಲದೆ, ಸಂಸ್ಕಾರವಿಲ್ಲದೆ ಹೂತ ಆ ಪಿಂಡ ಪ್ರೇತವಾಗಿ ಎದ್ದಿದೆ. ಈಗ ಅದನ್ನು ಕತ್ತಿಯಿಂದ ಕೊಲ್ಲಬಹುದು. ಇಲ್ಲವೆ ಬ್ಯಾರನ್ನನೇ ಅದನ್ನು ಎದೆಗೆ ಅವುಚಿಕೊಂಡು ಮನೆಯವರೆಗೆ ನಡೆದು, ಹೆಸರಿಟ್ಟು, ಕ್ಷಮೆ ಕೇಳಿ, ಹೊಸ್ತಿಲ ಕೆಳಗೆ ಮಣ್ಣು ಮಾಡಬಹುದು. ಹಾಗೆ ಮಾಡಿದರೆ ಅದು ಮನೆ ಕಾಯುವ ದೈವವಾಗುತ್ತದೆ. ಹೊಸ್ತಿಲನ್ನು ತುಳಿಯದೆ ದಾಟುವ ಮನೆಯಲ್ಲಿ ಬೆಳೆದ ನನಗೆ ಇದನ್ನು ಯಾರೂ ವಿವರಿಸಬೇಕಾಗಲಿಲ್ಲ. ಆ ದಪ್ಪ ಮನುಷ್ಯ, ಹೊಡೆದ ಕೈಯಲ್ಲಿಯೇ ಆ ವಿಕಾರವಾದ ಶಿಶುವನ್ನು ಎತ್ತಿಕೊಂಡು ನಡೆಯುತ್ತಾನೆ. ಅದು ಯಾವ ಕ್ಷಣದಲ್ಲಿ ಕಚ್ಚೀತೋ ಎಂಬ ಭಯ. ಕೊನೆಗೆ ಹೆಸರಿಡುತ್ತಾನೆ: ಡೇಯಾ. ನಾನು ಓದಿಸಿದ ಎಷ್ಟೋ ಕಾವ್ಯಗಳ ಕರುಣರಸ ಆ ರಾತ್ರಿ ನನಗೆ ತೆಳ್ಳಗೆ ಕಂಡಿತು.

ಇಲ್ಲಿಯವರೆಗೆ ಗಣಿತದ ಮೇಷ್ಟ್ರೂ ನಾನೂ ಒಂದೇ ದಾರಿ. ಬೇರೆಯಾದದ್ದು ಮರದ ಹತ್ತಿರ. ಬ್ಯಾರನ್ನನ ಹೆಂಡತಿ ಜೌಗಿನ ಮೂವರು ಮಾಯಾವಿ ಮುದುಕಿಯರ ಸೆರೆಯಲ್ಲಿ ಸಿಕ್ಕಿ, ಅವರ ಗುಡಿಸಲಿನಲ್ಲಿ ಅನಾಥ ಮಕ್ಕಳನ್ನು ನೋಡಿಕೊಂಡಿರುತ್ತಾಳೆ. ಹತ್ತಿರದ ಗುಡ್ಡದ ಮರವೊಂದರ ಬುಡದಲ್ಲಿ ಒಂದು ಭೂತ ಕಟ್ಟುಬಿದ್ದಿದೆ. ಅದನ್ನು ಕೊಲ್ಲು ಎಂದು ಮುದುಕಿಯರ ಕಡೆಯಿಂದ ಅಪ್ಪಣೆ. "ನನ್ನನ್ನು ಬಿಡಿಸು, ಆ ಮಕ್ಕಳನ್ನು ನಾನು ಉಳಿಸುತ್ತೇನೆ, ಇಲ್ಲವಾದರೆ ಮುದುಕಿಯರು ಅವರನ್ನು ತಿಂದುಬಿಡುತ್ತಾರೆ" ಎಂದು ಭೂತದ ಮಾತು. ನಂಬುವುದು ಯಾರನ್ನು?

ಗಣಿತದ ಮೇಷ್ಟ್ರು ಭೂತವನ್ನು ಬಿಡಿಸಿದರು. ಮಕ್ಕಳು ಬದುಕಿದರು. ಆದರೆ ಹೊರಬಿದ್ದ ಭೂತ ಪಕ್ಕದ ಹಳ್ಳಿಯೊಂದನ್ನು ನಾಶಮಾಡಿತು. ಮುದುಕಿಯರ ಸಿಟ್ಟು ಬ್ಯಾರನ್ನನ ಹೆಂಡತಿಯ ಮೇಲೆ ತಿರುಗಿ ಅವಳು ಸತ್ತಳು. ಬ್ಯಾರನ್ ತನ್ನ ಅಂಗಳದ ಮರಕ್ಕೆ ನೇಣು ಹಾಕಿಕೊಂಡ. ನಾನು ಭೂತವನ್ನು ಕೊಂದೆ. ಮರದಲ್ಲಿ ಕಟ್ಟಿಹಾಕಿದ್ದು "ಬಿಡಿಸು" ಎಂದು ನಯವಾಗಿ ಕೇಳಿದರೆ ಬಿಡಿಸಬಾರದು ಎಂದು ನಮ್ಮಜ್ಜಿ ಹೇಳಿದ ಅಷ್ಟೂ ಕತೆಗಳ ತಾತ್ಪರ್ಯ. ನನ್ನ ಕತೆಯಲ್ಲಿ ಬ್ಯಾರನ್ನನ ಹೆಂಡತಿ ಉಳಿದಳು, ಬುದ್ಧಿ ಕೆಟ್ಟು. ಅವನು ಕೋಟೆಯನ್ನೂ ಅಧಿಕಾರವನ್ನೂ ಬಿಟ್ಟು, ದೂರದ ಬೆಟ್ಟಗಳಲ್ಲಿರುವ ವೈದ್ಯನೊಬ್ಬನಲ್ಲಿಗೆ ಅವಳನ್ನು ಕರೆದುಕೊಂಡು ಹೊರಟ. ಮಕ್ಕಳ ಗುಡಿಸಲು ಖಾಲಿಯಾಗಿತ್ತು.

"ಲೆಕ್ಕ ಹಾಕಿ ನೋಡಿ, ಸ್ವಾಮಿ," ಎಂದರು ಗಣಿತದ ಮೇಷ್ಟ್ರು, ಸ್ಟಾಫ್ ರೂಮಿನಲ್ಲಿ. "ಒಂದು ಕಡೆ ಏನೂ ಅರಿಯದ ಮಕ್ಕಳು. ಇನ್ನೊಂದು ಕಡೆ ಹೆಂಡತಿಯನ್ನ ಬಡಿದ ಒಬ್ಬ ಕುಡುಕ. ಇದರಲ್ಲಿ ಯೋಚನೆ ಮಾಡೋದೇನಿದೆ?"

"ಆ ಹೆಂಗಸನ್ನ ಯಾವ ಕಡೆ ಬರೆದಿರಿ? ಆ ಹಳ್ಳಿಯನ್ನ?"

"ಹಳ್ಳಿ ವಿಷಯ ನನಗೆ ಗೊತ್ತಿರಲಿಲ್ಲವಲ್ಲ."

"ಮಕ್ಕಳ ವಿಷಯ ನನಗೆ ಖಾತರಿಯಾಗಿರಲಿಲ್ಲ."

"ಭೂತ ಹೇಳ್ತಲ್ಲ ಸ್ವಾಮಿ! ಅಷ್ಟು ಬಿಡಿಸಿ ಹೇಳಿದ ಮೇಲೂ ನೀವು ಆ ಮಕ್ಕಳನ್ನ ತಿನ್ನೋಕೆ ಬಿಟ್ಟಿರಿ!"

ಇದೇ ಹೊತ್ತಿಗೆ ಕಾಫಿ ತಂದ ಅಟೆಂಡರು ಬಾಗಿಲಲ್ಲಿಯೇ ನಿಂತ. ಹದಿನೆಂಟು ವರ್ಷದಿಂದ ನನಗೆ ಕಾಫಿ ಕೊಡುತ್ತಿರುವವನು. ಅಂದು ಲೋಟವನ್ನು ಮೇಜಿನ ಆ ತುದಿಯಲ್ಲಿ ಇಟ್ಟು, ನನ್ನ ಮುಖ ನೋಡದೆ ಹೋದ. ಅರ್ಥಶಾಸ್ತ್ರದವರಿಂದ ಅವನಿಗೆ ನಿಜಸ್ಥಿತಿ ತಿಳಿಯುವುದಕ್ಕೆ ಎರಡು ದಿನ ಹಿಡಿಯಿತು.

ವ್ಯಾಕರಣದವನಾದ್ದರಿಂದ ನನಗೆ ಕಂಡ ಒಂದು ವಿಶೇಷವನ್ನು ಇಲ್ಲಿ ಹೇಳಬೇಕು. ಈ ಮಾತುಕತೆಗಳಲ್ಲಿ ಎಲ್ಲರೂ ಉತ್ತಮಪುರುಷದಲ್ಲಿಯೇ ಮಾತನಾಡುತ್ತಾರೆ: ನಾನು ಬಿಡಿಸಿದೆ, ನಾನು ಕೊಂದೆ, ನಾನು ಅವಳಿಗೆ ಹೇಳಿದೆ. ಕಾದಂಬರಿ ಓದಿದ ಯಾರೂ ನಾಯಕನ ಕೆಲಸವನ್ನು ಹೀಗೆ ಹೇಳುವುದಿಲ್ಲ. ಆದರೆ ಫಲ ಕೆಟ್ಟದಾದ ಕಡೆ ವಾಕ್ಯ ತಾನೇ ತಾನಾಗಿ ಪ್ರಥಮಪುರುಷಕ್ಕೆ ಜಾರುತ್ತದೆ: "ಆ ಗೆರಾಲ್ಟ್ ಏನು ಮಾಡಿಬಿಟ್ಟ ಅಂದರೆ..." ಎಂದು. ಗಣಿತದ ಮೇಷ್ಟ್ರು ಮಕ್ಕಳನ್ನು ಉಳಿಸಿದ್ದು ಉತ್ತಮಪುರುಷದಲ್ಲಿ. ಹಳ್ಳಿ ಹಾಳಾದದ್ದು ಕರ್ಮಣಿಪ್ರಯೋಗದಲ್ಲಿ.

ನಮ್ಮವರಿಗೆ ಇಂಥ ತುಲನೆಯ ರುಚಿ ಹೊಸದೇನೂ ಅಲ್ಲ. ಕರಾವಳಿಯಲ್ಲಿ ತಾಳಮದ್ದಳೆ ಕೇಳಿ ಬೆಳಗಿನ ಜಾವ ಮನೆಗೆ ನಡೆಯುವವರು ಮಾಡುತ್ತಿದ್ದುದೂ ಅದನ್ನೇ. ಪ್ರಸಂಗದ ಪದ್ಯ ಒಂದೇ. ಅರ್ಥ ಹೇಳುವವರು ಶೇಣಿ ಗೋಪಾಲಕೃಷ್ಣ ಭಟ್ಟರಾದರೆ ವಾಲಿಯ ನ್ಯಾಯ ಒಂದು, ಮತ್ತೊಬ್ಬರಾದರೆ ಇನ್ನೊಂದು. ಆದರೆ ಯಾರು ಎಷ್ಟೇ ಚೆನ್ನಾಗಿ ವಾದಿಸಲಿ, ಬೆಳಗಾಗುವುದರೊಳಗೆ ವಾಲಿ ಬಾಣ ತಿಂದು ಬೀಳಲೇಬೇಕು. "ನಮ್ಮೂರ ಕೂಟದಲ್ಲಿ ವಾಲಿ ಬದುಕಿದ" ಎಂದು ಯಾರೂ ಹೇಳಿದ್ದಿಲ್ಲ. ಕತೆಯ ಕೊನೆಯನ್ನೇ ತಿರುಗಿಸುವ ಅಧಿಕಾರ ಕವಿಗೆ ಮಾತ್ರ, ಅದೂ ದೊಡ್ಡ ಕವಿಗೆ ಮಾತ್ರ ಇತ್ತು. ಹತ್ತನೆಯ ಶತಮಾನದಲ್ಲಿ ಪಂಪ ಧರ್ಮರಾಯನನ್ನು ಪಕ್ಕಕ್ಕೆ ಸರಿಸಿ ಅರ್ಜುನನಿಗೂ ಸುಭದ್ರೆಗೂ ಪಟ್ಟ ಕಟ್ಟಿದ. ಅವನಿಗೆ ಅರಿಕೇಸರಿಯ ಕಡೆಗೆ ಒಂದು ಕಣ್ಣಿತ್ತು. ಆ ಅಧಿಕಾರ ಈಗ ನನಗೂ ಗಣಿತದ ಮೇಷ್ಟ್ರಿಗೂ ಬಂದಿದೆ. ನಮ್ಮ ಕಣ್ಣು ಯಾವ ಕಡೆಗಿದೆ ಎಂಬುದು ಪಟ್ಟ ಯಾರಿಗೆ ಕಟ್ಟಿದೆವು ಎಂಬುದರಿಂದ ಹೊರಬೀಳುತ್ತದೆ.

ಅದು ಹೊರಬಿದ್ದದ್ದು ಸಿರಿಯ ವಿಷಯದಲ್ಲಿ. (ಓದುಗರಲ್ಲಿ ಯಾರಾದರೂ ಈ ಆಟವನ್ನು ಇನ್ನೂ ಮುಗಿಸದೆ ಇದ್ದರೆ ಪುರವಣಿಯನ್ನು ಇಲ್ಲಿಗೆ ಮಡಿಸಿ ಪದಬಂಧದ ಕಡೆ ತಿರುಗುವುದು ಲೇಸು.)

ಸಿರಿ ಗೆರಾಲ್ಟನ ಸಾಕುಮಗಳು. ಹುಟ್ಟಿಸಿದ ತಂದೆ ಒಬ್ಬ ಚಕ್ರವರ್ತಿ. ಸಾಕಿದವನು ಈ ಕೂಲಿಯವನು. ಲೋಕದಿಂದ ಲೋಕಕ್ಕೆ ನೆಗೆಯುವ ಶಕ್ತಿ ಅವಳ ರಕ್ತದಲ್ಲಿದೆ. ಅದಕ್ಕಾಗಿ ಎಲ್ಲರೂ ಅವಳ ಬೆನ್ನು ಹತ್ತಿದ್ದಾರೆ. ಆಟದ ಅರ್ಧಭಾಗ ಅವಳನ್ನು ಹುಡುಕುವುದರಲ್ಲಿ ಕಳೆಯುತ್ತದೆ. ಸಿಕ್ಕಿದಾಗ ಅವಳು ಬೆಳೆದು ನಿಂತ ಹುಡುಗಿ. ಕೊನೆಯಲ್ಲಿ, ಲೋಕವನ್ನೆಲ್ಲ ನುಂಗಲು ಬರುವ ಒಂದು ಹಿಮಪ್ರಳಯದೊಳಕ್ಕೆ ಅವಳು ಒಬ್ಬಳೇ ನಡೆದುಹೋಗುತ್ತಾಳೆ. ಗೆರಾಲ್ಟನ ಎರಡು ಕತ್ತಿಗಳೂ ಅಲ್ಲಿ ಉಪಯೋಗಕ್ಕೆ ಬಾರವು. ಅವಳು ಹಿಂದಿರುಗುವಳೋ ಇಲ್ಲವೋ ಎಂಬುದನ್ನು ಗೊತ್ತುಮಾಡುವುದು, ನಾವು ಹಿಂದೆ ಅವಳೊಡನೆ ಆಡಿದ ನಾಲ್ಕೈದು ಪುಟ್ಟ ಮಾತುಗಳು. ಹಿಮದೊಳಗೆ ನಡೆಯುವಾಗ ಅವಳಿಗೆ ಅವೇ ನೆನಪಾಗುತ್ತವೆ. ಅವು ತೆರೆಯ ಮೇಲೆ ಮೂಡಿದಾಗಲೇ ನಮಗೆ ಗೊತ್ತಾಗುವುದು, ಲೆಕ್ಕಕ್ಕೆ ಹಿಡಿದದ್ದು ಇವುಗಳನ್ನು ಎಂದು. ಉತ್ತರಪತ್ರಿಕೆಗಳನ್ನು ಕಟ್ಟಿ ಅರಗು ಹಾಕಿದ ಮೇಲೆ ಪ್ರಶ್ನಪತ್ರಿಕೆ ಹಂಚಿದ ಹಾಗೆ.

ಯುಗಾದಿಗೆ ಸೋದರಳಿಯ ಪುಣೆಯಿಂದ ಬಂದಿದ್ದ. ಗಣಿತದ ಮೇಷ್ಟ್ರು ಸಂಜೆ ಬೇವುಬೆಲ್ಲಕ್ಕೆಂದು ಬಂದರು. ಹೀಗೆ ಒಂದೇ ಕತೆಯ ನಾಲ್ಕು ಸಾಕುತಂದೆಯರು ನಮ್ಮ ಹಜಾರದಲ್ಲಿ ಸೇರಿದಂತಾಯಿತು. ಅವರಲ್ಲೊಬ್ಬಳು ಇಪ್ಪತ್ತರ ಹುಡುಗಿ.

"ಐದು ಜಾಗ ಇವೆ ಮಾವ," ಎಂದು ಅಳಿಯ ಬೆರಳು ಮಡಿಸಿದ. ಒಂದು, ಸಿರಿಯ ಗುರು ಯುದ್ಧದಲ್ಲಿ ಸತ್ತ ಮೇಲೆ ಅವಳು ಕುಗ್ಗಿ ಕುಳಿತಾಗ ಏನು ಹೇಳುತ್ತೇವೆ ಎಂಬುದು. ಎರಡು, ಅವಳನ್ನು ಚಕ್ರವರ್ತಿಯ ಬಳಿಗೆ ಕರೆದೊಯ್ದರೆ, ಅವನು ಕೊಡುವ ಹಣವನ್ನು ತೆಗೆದುಕೊಳ್ಳುತ್ತೇವೆಯೆ ಎಂಬುದು. ಮೂರು, ಮಾಯಾವಿನಿಯರ ಸಭೆ ಅವಳನ್ನು ಕರೆಸಿದಾಗ ಜೊತೆಗೆ ಹೋಗುತ್ತೇವೋ, ಅವಳೊಬ್ಬಳನ್ನೇ ಕಳಿಸುತ್ತೇವೋ ಎಂಬುದು. ನಾಲ್ಕು, ತನ್ನನ್ನು ಇಷ್ಟು ದಿನ ಸಾಧನವಾಗಿ ಬಳಸಿಕೊಂಡವನ ಪ್ರಯೋಗಶಾಲೆ ಕೈಗೆ ಸಿಕ್ಕಿದಾಗ ಅವಳು ಅದನ್ನು ಒಡೆದು ಪುಡಿಮಾಡಲು ಬಿಡುತ್ತೇವೋ, ಸಮಾಧಾನ ಹೇಳುತ್ತೇವೋ ಎಂಬುದು. ಐದು, ತನ್ನನ್ನು ಕಾಪಾಡಿ ಸತ್ತ ಒಬ್ಬ ಹುಡುಗನ ಸಮಾಧಿಗೆ ಹೋಗೋಣ ಎಂದು ಅವಳು ಕೇಳಿದಾಗ ಹೋಗುತ್ತೇವೋ, ಹೊತ್ತಿಲ್ಲವೆನ್ನುತ್ತೇವೋ ಎಂಬುದು.

ಅವನು ಇದನ್ನೆಲ್ಲ ಮೊದಲೇ ಬೇರೆಯವರು ಬರೆದಿಟ್ಟ ಕೈಪಿಡಿಯಲ್ಲಿ ಓದಿಕೊಂಡು ಆಡಿದ್ದ. ಐದಕ್ಕೆ ಐದೂ ಸರಿ. ಅವನ ಸಿರಿ ಬದುಕಿ, ಗೆರಾಲ್ಟನಿಂದ ಬೆಳ್ಳಿಯ ಕತ್ತಿ ಪಡೆದು, ಸ್ವತಂತ್ರಳಾಗಿ ತಿರುಗುತ್ತಿದ್ದಾಳೆ. ಅವಳ ವಿಷಯ ಹೇಳು ಎಂದರೆ ಅವನಿಗೆ ಹೇಳುವುದೇನೂ ಇರಲಿಲ್ಲ. ಗೈಡು ಓದಿ ಮೊದಲ ದರ್ಜೆ ಬಂದ ವಿದ್ಯಾರ್ಥಿಗೆ 'ನಿನಗೆ ಯಾವ ಪದ್ಯ ಇಷ್ಟ?' ಎಂದು ಕೇಳಿದ ಹಾಗಾಯಿತು.

ಗಣಿತದ ಮೇಷ್ಟ್ರು ಚಕ್ರವರ್ತಿಯ ಹಣವನ್ನು ತೆಗೆದುಕೊಂಡಿದ್ದರು. ಅದರಲ್ಲಿ ಅವರಿಗೆ ಎಳ್ಳಷ್ಟೂ ಸಂಕೋಚವಿಲ್ಲ. "ಹುಡುಕಿಕೊಡು ಅಂತ ಕೆಲಸ ಒಪ್ಪಿಸಿದವನು ಅವನು, ಮಾಡಿದೆ, ಕೂಲಿ ತಗೊಂಡೆ. ಸಾಕಿದ್ದಕ್ಕೆ ತಗೊಂಡೆನೇನು? ಹುಡುಕಿದ್ದಕ್ಕೆ. ಅವಳು ಯಾಕೆ ಮುನಿಸಿಕೋಬೇಕು?" ಉಳಿದೆಡೆ ಅವರ ಮನಸ್ಸು ಮೃದು, ಅವರ ಸಿರಿಯೂ ಬದುಕಿ ಕತ್ತಿಯವಳೇ ಆದಳು. ಯುದ್ಧದಲ್ಲಿ ಅವರ ಕತೆಯಲ್ಲಿ ಗೆದ್ದದ್ದು ಉತ್ತರದ ದೊರೆ. ಅವನನ್ನು ಕೊಲ್ಲುವ ಸಂಚಿಗೆ ಕರೆದಾಗ, "ರಾಜಹತ್ಯೆಗೆ ನಾನು ಬರುವುದಿಲ್ಲ" ಎಂದು ಅವರು ಎದ್ದು ಬಂದಿದ್ದರಂತೆ. ನಾನು ಆ ಸಂಚಿನಲ್ಲಿ ಇದ್ದೆ. ಸರ್ಕಾರಿ ಅನುದಾನಿತ ಕಾಲೇಜಿನ ಅಧ್ಯಾಪಕನಿಗೆ ಇಂಥ ಅವಕಾಶ ಪದೇಪದೇ ಬರುವುದಿಲ್ಲ. ಹಾಗಾಗಿ ನನ್ನ ಕತೆಯಲ್ಲಿ ಚಕ್ರವರ್ತಿ ಗೆದ್ದ. ಸಿರಿ ಅವನ ಉತ್ತರಾಧಿಕಾರಿಣಿಯಾಗಿ ಸಿಂಹಾಸನಕ್ಕೆ ಹೊರಟಳು.

ಮಗಳ ಸಿರಿ ಹಿಂದಿರುಗಲಿಲ್ಲ. ಅಂಥ ಕತೆಯ ಕೊನೆಯಲ್ಲಿ ಗೆರಾಲ್ಟ್ ಜೌಗಿಗೆ ಮರಳಿ, ಉಳಿದಿದ್ದ ಒಬ್ಬ ಮುದುಕಿಯನ್ನು ಕೊಂದು, ಸತ್ತ ಗುರುವಿನ ಪದಕವನ್ನು ಹಿಡಿದು ಗುಡಿಸಲಿನ ನೆಲದಲ್ಲಿ ಕುಳಿತುಬಿಡುತ್ತಾನೆ. ಸುತ್ತಲೂ ಪಿಶಾಚಿಗಳು ಮುತ್ತುತ್ತಿದ್ದರೂ ಏಳುವುದಿಲ್ಲ. ಅವಳು ಅದನ್ನು ಮುಗಿಸಿದ್ದು ಫೆಬ್ರುವರಿಯ ಒಂದು ರಾತ್ರಿ, ಒಂದು ಗಂಟೆಯ ಮೇಲೆ. ಮರುದಿನ ಪ್ರಾಯೋಗಿಕ ಪರೀಕ್ಷೆ ಇದ್ದುದರಿಂದ ಮುಖ ಊದಿದ್ದಕ್ಕೆ ನಾವು ಬೇರೆ ಕಾರಣ ಊಹಿಸಿಕೊಂಡಿದ್ದೆವು.

"ಮೊದಲನೇದರಲ್ಲೇ ತಪ್ಪಿದೀಯ," ಎಂದ ಅಳಿಯ. "ಗುರು ಸತ್ತು ಕೂತಿರೋವಾಗ 'ಇರಲಿ ಬಿಡು, ಎಲ್ಲದರಲ್ಲೂ ನೀನೇ ಚೆನ್ನಾಗಿರಬೇಕು ಅಂತ ಏನೂ ಇಲ್ಲ' ಅಂತ ಯಾರಾದ್ರೂ ಹೇಳ್ತಾರಾ? ಅದನ್ನ ಆರಿಸಿದ್ರೆ ಇಬ್ಬರೂ ಕೂತು ಕುಡೀತಾರೆ, ಅಷ್ಟೆ. ಇನ್ನೊಂದು ಮಾತು ಆರಿಸ್ಬೇಕಿತ್ತು. ಆಗ ಹೊರಗೆ ಹೋಗಿ ಮಂಜಿನ ಉಂಡೆ ಎಸೆದಾಡ್ತಾರೆ. ಅವಳು ನಗ್ತಾಳೆ."

ಮಗಳು ಹೋಳಿಗೆಯ ಅಂಚನ್ನು ಮುರಿಯುತ್ತಿದ್ದಳು. "ಆ ಮಾತು ನನಗೆ ಇಷ್ಟ ಆಯ್ತು," ಎಂದಳು. "ಅದನ್ನ ನಂಗೆ ಯಾರಾದ್ರೂ ಹೇಳಿದ್ರೆ ಎಷ್ಟು ಚೆನ್ನಾಗಿರ್ತಿತ್ತು ಅನ್ನಿಸ್ತು. ಅದಕ್ಕೇ ಅವಳಿಗೆ ಹೇಳ್ದೆ."

ಗಣಿತದ ಮೇಷ್ಟ್ರು ಲೋಟ ಕೆಳಗಿಟ್ಟರು. ನಾನು ಮಂಜಿನ ಉಂಡೆಯ ಕಡೆಗೆ ಹೋಗಿದ್ದವನು. ಹುಡುಗರಿಗೆ ಫಲಿತಾಂಶದ ದಿನ ಸ್ಟಾಫ್ ರೂಮಿನಲ್ಲಿ ಆ ಮೊದಲ ವಾಕ್ಯವನ್ನು ಎಷ್ಟು ಒಣಗಿದ ದನಿಯಲ್ಲಿ ಹೇಳಲಾಗುತ್ತದೆ ಎಂಬುದನ್ನು ಕೇಳಿದ್ದೇ ಅದಕ್ಕೆ ಕಾರಣ. ಆದರೂ ಅಂದು ಹೇಳಿದೆ, ಇಂದೂ ಹೇಳುತ್ತೇನೆ: ಇಲ್ಲಿ ವಾರ್ಸಾದವರದು ಅನ್ಯಾಯ. ಒಂದು ಮಾತಿನ ತೂಕ ಆ ಮಾತಿನಲ್ಲಿ ಇರುವುದಿಲ್ಲ. ಯಾರು, ಯಾವ ದನಿಯಲ್ಲಿ, ಹೆಗಲ ಮೇಲೆ ಕೈಯಿಟ್ಟೋ ಇಡದೆಯೋ ಆಡಿದರು ಎಂಬುದರಲ್ಲಿರುತ್ತದೆ. ನನ್ನ ಮಗಳು ಆ ವಾಕ್ಯವನ್ನು ಆರಿಸಿದ್ದು ಸಂತೈಸಲಿಕ್ಕೆ. ಗೆರಾಲ್ಟನ ಬಾಯಿಂದ ಅದು ಹೆಂಡದ ಬುಡ್ಡಿಯಾಗಿ ಹೊರಟಿತು. ಹೀಗೆ ಆರಿಸಿದವನ ಮನಸ್ಸಿಗೂ ಆಡಿದವನ ನಾಲಗೆಗೂ ನಡುವೆ ಆಟ ತಾನು ಬಂದು ಕೂರುವುದು ಇದರ ದೊಡ್ಡ ಕೊರತೆ. ಅಳಿಯ ಒಪ್ಪಲಿಲ್ಲ. "ಬದುಕಿನಲ್ಲೂ ಹಾಗೇ ಅಲ್ವಾ ಮಾವ?" ಎಂದ. ಅದು ಬೇರೆ ಚರ್ಚೆ.

"ಅದು ಹೋಗಲಿ," ಎಂದೆ ಮಗಳಿಗೆ. "ಮಾಯಾವಿನಿಯರ ಸಭೆಗೆ ನೀನು ಯಾಕೆ ಜೊತೆಗೆ ಹೋದೆ? ಅವಳೊಬ್ಬಳನ್ನೇ ಕಳಿಸಬಹುದಿತ್ತಲ್ಲ."

"ನೀನು ಹೋಗ್ಲಿಲ್ವಾ?"

"ಇಲ್ಲ. ನಾನು ಬಾಗಿಲ ಹೊರಗೆ ನಿಂತೆ. ಅವಳಾಗಿ ಮಾತಾಡಿ ಬಂದಳು."

"ಸುಳ್ಳು ಹೇಳ್ಬೇಡಪ್ಪ."

ನಿಜವೆಂದು ಒಪ್ಪಿಸಲು ಸ್ವಲ್ಪ ಹೊತ್ತಾಯಿತು. ಒಪ್ಪಿದ ಮೇಲೆ ಅವಳು ನನ್ನನ್ನು ನೋಡಿದ ರೀತಿಯಲ್ಲಿ ಸಿಟ್ಟಿತ್ತೋ ಬೆರಗಿತ್ತೋ ಹೇಳಲಾರೆ.

"ಪಿ.ಯು.ಸಿ. ಸೀಟಿಗೆ ನೀನೇ ಬಂದೆ. ಎನ್.ಎಸ್.ಎಸ್. ಕ್ಯಾಂಪಿಗೆ ಬಂದು, ಊಟ ಹೇಗಿದೆ ಅಂತ ನೋಡಿಕೊಂಡು ಹೋದೆ. ಕಳೆದ ವರ್ಷ ಕನ್ನಡಕ ಬದಲಾಯಿಸೋಕೆ ಹೋದಾಗ, ಆ ಅಕ್ಷರಗಳು ನಂಗೆ ಕಾಣತ್ತೋ ಇಲ್ವೋ ಅಂತ ಡಾಕ್ಟರಿಗೆ ನೀನು ಹೇಳ್ತಿದ್ದೆ. ಅಪ್ಪ ಅಂದ್ರೆ ಹಾಗೇ ಇರ್ತಾನೆ ಅಂದ್ಕೊಂಡು ನಾನು ಆಡಿದ್ದು. ಪ್ರಯೋಗಶಾಲೆ ಒಡೀತೀನಿ ಅಂದ್ಲು. ನೀನಾಗಿದ್ರೆ 'ಸಮಾಧಾನ, ಸಮಾಧಾನ' ಅಂತಿದ್ದೆ. ನಾನೂ ಅದನ್ನೇ ಅಂದೆ. ನಾನು ನಿನ್ನ ಹಾಗೆ ಆಡ್ದೆ. ನೀನು ಯಾರ ಹಾಗೆ ಆಡ್ದೆ?"

ನಾನು ನನ್ನ ಹಾಗೆಯೇ ಆಡಿದೆ ಎಂಬುದು ನನ್ನ ಉತ್ತರ, ಅದನ್ನು ಸಮರ್ಥಿಸಬಲ್ಲೆ. ಸಿರಿಗೆ ಲೋಕದಿಂದ ಲೋಕಕ್ಕೆ ಹಾರುವ ಶಕ್ತಿಯಿದೆ. ರಾತ್ರಿ ಒಂಬತ್ತರ ಮೇಲೆ ಸಿಟಿ ಬಸ್ಸಿಗೆ ಕಾಯುವ ಅಗತ್ಯ ಅವಳಿಗಿಲ್ಲ. ಅವಳ ಬೆನ್ನಿಗೆ ಕತ್ತಿಯಿದೆ. ನನ್ನ ಮಗಳ ಚೀಲದಲ್ಲಿ ಇರುವುದು ಕೊಡೆ, ಅದೂ ಒಂದು ಕಡ್ಡಿ ಮುರಿದದ್ದು. ಬೇರೆ ಬೇರೆ ಮಕ್ಕಳಿಗೆ ಬೇರೆ ಬೇರೆ ಕಾವಲು. ಇದನ್ನು ಇಷ್ಟೇ ಸ್ಪಷ್ಟವಾಗಿ ಹೇಳಿದೆ.

"ಅವಳನ್ನ ಒಳಗೆ ಕಳಿಸೋವಾಗ ಏನಾಗತ್ತೆ ಅಂತ ನಿಂಗೆ ಗೊತ್ತಿತ್ತಾ?"

"ಇಲ್ಲ."

"ಆದ್ರೂ ಕಳಿಸ್ದೆ."

"ಕಳಿಸಿದೆ."

"ಆಮೇಲೆ ತಗೊಂಡೋಗಿ ಆ ಚಕ್ರವರ್ತಿ ಕೈಗೆ ಕೊಟ್ಟೆ."

"ಕೊಡಲಿಲ್ಲ, ಕಣಮ್ಮ. ಅವಳೇ ಹೊರಟಳು. ಕಾಡಿನಲ್ಲಿ ಹಂದಿ, ಜಿಂಕೆ ಬೇಟೆಯಾಡುತ್ತ ಇದ್ದುಬಿಡಬಹುದಾಗಿತ್ತು. ಸಿಂಹಾಸನದ ಮೇಲೆ ಕೂತರೆ ನಾಲ್ಕು ಜನಕ್ಕೆ ಏನಾದರೂ ಮಾಡಬಹುದು ಅಂತ ಅವಳಿಗೆ ಅನ್ನಿಸಿತು. ನನಗೆ ಇಷ್ಟವಿರಲಿಲ್ಲ. ಊರ ಹೊರಗಿನವರೆಗೆ ಹೋಗಿ ಬೀಳ್ಕೊಟ್ಟು ಬಂದೆ."

"ಇಷ್ಟ ಇರ್ಲಿಲ್ಲ ಅಂತ ಹೇಳ್ದೆಯಾ?"

"ಆ ಮಾತು ತೆರೆ ಮೇಲೆ ಬರಲಿಲ್ಲ," ಎಂದೆ. ಗಣಿತದ ಮೇಷ್ಟ್ರು ಜೋರಾಗಿ ನಕ್ಕರು, ಅವಳೂ ನಕ್ಕಳು. ಒಳಗಿನಿಂದ ನನ್ನ ಹೆಂಡತಿ, ಇಷ್ಟು ಹೊತ್ತೂ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದವಳು, "ಆ ಹುಡುಗಿಗೆ ತಾಯಿ ಅಂತ ಒಬ್ಬಳು ಇಲ್ಲವೇನು?" ಎಂದು ಕೇಳಿದಳು. ಇಲ್ಲ, ಸತ್ತುಹೋಗಿದ್ದಾಳೆ ಎಂದೆವು. "ಮತ್ತೆ ಇಷ್ಟು ಗಂಡಸರು ಸೇರಿ ಮಾಡೋದು ಹೀಗೇ," ಎಂದು ಅವಳು ಸಾರಿನ ಪಾತ್ರೆಗೆ ಮುಚ್ಚಳ ಹಾಕಿದಳು. ಮಗಳನ್ನೂ ಗಂಡಸರ ಲೆಕ್ಕಕ್ಕೇ ಸೇರಿಸಿದ್ದಳೆಂದು ಕಾಣುತ್ತದೆ.

ಗಣಿತದ ಮೇಷ್ಟ್ರು ಎರಡನೆಯ ಸಲ ಆಡಲು ಶುರುಮಾಡಿದ್ದಾರೆ. ಈ ಸಲ ಆ ಭೂತವನ್ನು ಕೊಂದು ನೋಡುತ್ತೇನೆ ಎಂದಿದ್ದವರು, ಮೊನ್ನೆ ಮರದ ಹತ್ತಿರ ಹೋಗಿ ಮತ್ತೆ ಬಿಡಿಸಿಯೇ ಬಂದರಂತೆ. "ಕೈ ಬರಲಿಲ್ಲ ಸ್ವಾಮಿ," ಎಂದರು. ಹಳ್ಳಿ ಹಾಳಾಗುವುದು ಈಗ ಅವರಿಗೆ ಗೊತ್ತು. ಈ ಸಲ ಅದನ್ನು ಕರ್ತರಿಪ್ರಯೋಗದಲ್ಲಿ ಹೇಳಿದರು.

ಮಗಳಿಗೆ ಮುಂದಿನ ತಿಂಗಳು ಹೈದರಾಬಾದಿನಲ್ಲಿ ಎಂ.ಎಸ್‌ಸಿ. ಪ್ರವೇಶದ ಸಂದರ್ಶನವಿದೆ. ರೈಲಿಗೆ ಎರಡು ಟಿಕೆಟ್ಟು ಮಾಡಿಸಿ ಹದಿನೈದು ದಿನವಾಯಿತು. ಒಂದು ಕೆಳಗಿನ ಬರ್ತು, ಒಂದು ನಡುವಿನದು. ನಿನ್ನೆ ರಾತ್ರಿ ನಾನು ಉತ್ತರಪತ್ರಿಕೆ ತಿದ್ದುತ್ತ ಕುಳಿತಿದ್ದಾಗ ಬಂದು, ಎರಡರಲ್ಲಿ ಒಂದನ್ನು ಮಾತ್ರ ರದ್ದುಮಾಡುವುದು ಸಾಧ್ಯವೇ ಎಂದು ಕೇಳಿದಳು. ಸಾಧ್ಯ ಎಂದೆ. ಎಷ್ಟು ಹಣ ಹಿಡಿದುಕೊಳ್ಳುತ್ತಾರೆ ಎಂದಳು. ಇನ್ನೂ ಬಹಳ ದಿನವಿದೆ, ಹೆಚ್ಚೇನೂ ಹಿಡಿಯುವುದಿಲ್ಲ ಎಂದೆ. ಕೆಳಗಿನ ಬರ್ತು ಯಾರ ಹೆಸರಿಗಿದೆ ಎಂದು ಕೇಳಿದಳು.

ಅದು ಮೊದಲಿಂದಲೂ ಅವಳ ಹೆಸರಿಗೇ ಇದೆ.